ರನ್ನಿಂಗ್ ಬ್ಯಾಕ್‌ನ ಮೌಲ್ಯನಿರ್ಣಯ ಮತ್ತು ವಿಲೇವಾರಿ: ಒಂದು ಶಾಸ್ತ್ರೀಯ ವಿವೇಚನೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಅಮೆರಿಕದ ವೃತ್ತಿಪರ ಫುಟ್‌ಬಾಲಿಗೆ, ಅಂದರೆ ಮೂವತ್ತೆರಡು ತಂಡಗಳ ಎನ್‌ಎಫ್‌ಎಲ್‌ಗೆ ಸೀಮಿತ. ಅಧ್ಯಯನದ ವಸ್ತು ರನ್ನಿಂಗ್ ಬ್ಯಾಕ್. ಇದರ ಲಕ್ಷಣ ಹೀಗೆ: ಮೊಟ್ಟೆಯಾಕಾರದ ಚೆಂಡನ್ನು ಹೊಟ್ಟೆಗವಚಿಕೊಂಡು, ತನ್ನ ಕಡೆಯ ಐವರು ದಢೂತಿಗಳು ಎದುರಾಳಿಗಳನ್ನು ತಳ್ಳಿ ಮಾಡಿಕೊಟ್ಟ ಸಂದಿಯಲ್ಲಿ ತಲೆ ತೂರಿಸಿ ಓಡುವುದು, ಬಹುಪಾಲು ಸಲ ನಾಲ್ಕು ಹೆಜ್ಜೆಯೊಳಗೆ ನೆಲ ಕಚ್ಚುವುದು, ಎದ್ದು ಬಂದು ಮತ್ತೆ ಓಡುವುದು. 'ಮನುಷ್ಯ' ಎಂಬ ಪದ ಸೇರಿಸಿದರೆ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಗಲುವುದರಿಂದ ಅದನ್ನು ಕೈಬಿಡಲಾಗಿದೆ.

ಸಂಶೋಧನಾ ವಿಧಾನ ಸಂಪೂರ್ಣ ಪರಿಮಾಣಾತ್ಮಕ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ಅಂಗೈಯಳತೆ ಬರೆದುಕೊಳ್ಳುತ್ತಾರೆ. ನಲವತ್ತು ಗಜ ಓಡಿಸಿ ಸೆಕೆಂಡಿನ ನೂರನೇ ಭಾಗದವರೆಗೆ ಗುರುತು ಹಾಕುತ್ತಾರೆ. ವೈದ್ಯರು ಒಬ್ಬರಾದ ಮೇಲೊಬ್ಬರು ಮೊಣಕಾಲು ಎಳೆದು, ತಿರುಚಿ ನೋಡುತ್ತಾರೆ. ನಮ್ಮ ದನದ ಜಾತ್ರೆಯ ದಲ್ಲಾಳಿಯೂ ಎತ್ತಿನ ಹಲ್ಲು ಎಣಿಸಿ, ಟವೆಲ್ಲಿನಡಿ ಬೆರಳು ಹಿಸುಕಿ ದರ ಹೇಳುತ್ತಾನೆ. ಅದಕ್ಕೆ ಅನಾಲಿಟಿಕ್ಸ್ ಎಂದು ಹೆಸರಿಡುವಷ್ಟು ನಾಚಿಕೆಗೆಟ್ಟಿಲ್ಲ, ಅಷ್ಟೇ.

ಪ್ರಮೇಯ ಒಂದು, ವಯೋಕ್ಷಯ ಸಿದ್ಧಾಂತ: ಇಪ್ಪತ್ತೇಳು ಮುಟ್ಟಿದ ರನ್ನಿಂಗ್ ಬ್ಯಾಕ್ ಇಳಿಜಾರಿಗೆ ಬಿದ್ದ ಸರಕು. ಈ ಸಿದ್ಧಾಂತಕ್ಕೆ ಪೂರಕವಾದ ಸಾಂಸ್ಥಿಕ ಚೌಕಟ್ಟನ್ನು ಗಮನಿಸಬೇಕು. ಹೈಸ್ಕೂಲು ಮುಗಿದು ಮೂರು ವರ್ಷವಾಗದೆ ಲೀಗಿಗೆ ಪ್ರವೇಶವಿಲ್ಲ. ಬಂದಮೇಲೆ, 2011ರ ಕಾರ್ಮಿಕ ಒಪ್ಪಂದ ಕಟ್ಟಿಟ್ಟ ದರದಲ್ಲಿ ನಾಲ್ಕು ವರ್ಷ. ಮೊದಲ ಮೂರು ಸೀಸನ್ ಕಳೆಯುವವರೆಗೆ ಸಂಬಳದ ಮಾತೆತ್ತುವಂತಿಲ್ಲ. ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ಆಯ್ಕೆಯಾದವನಾದರೆ ಐದನೆಯ ವರ್ಷವೂ ತಂಡದ ಮರ್ಜಿ. ಅದೂ ತೀರಿದರೆ 'ಫ್ರಾಂಚೈಸ್ ಟ್ಯಾಗ್' ಎಂಬ ಚೀಟಿ ಅಂಟಿಸಿ ಇನ್ನೊಂದು ವರ್ಷ ಹಿಡಿದಿಡಬಹುದು. ಇಪ್ಪತ್ತೊಂದಕ್ಕೆ ಬಂದ ಹುಡುಗ ತನ್ನ ಬೆಲೆ ತಾನೇ ಕೇಳುವ ಹೊತ್ತಿಗೆ ಇಪ್ಪತ್ತೇಳಾಗಿರುತ್ತದೆ. ಶಾಸ್ತ್ರ ಜಾರಿಗೆ ಬರುವುದೂ ಅದೇ ಮುಹೂರ್ತಕ್ಕೆ. ವಿದ್ವಾಂಸರು ಇದನ್ನು ಕಾಕತಾಳೀಯ ಎನ್ನುತ್ತಾರೆ.

ಪ್ರಮೇಯ ಎರಡು, ಪ್ರತಿಸ್ಥಾಪ್ಯತಾ ಸಿದ್ಧಾಂತ. ಯಾವುದೇ ರನ್ನಿಂಗ್ ಬ್ಯಾಕ್‌ನ ಸಂಪರ್ಕೋತ್ತರ ಗಜಸಂಪಾದನೆಯನ್ನು ನಿರೀಕ್ಷಾಧಿಕ ಗಜಗಣನೆಗೆ ಕೂಡಿಸಿ, ಅದರಿಂದ ಬದಲಿ-ಸಮಮಟ್ಟವನ್ನು ಕಳೆದು, ಸವಕಳಿ ಗುಣಾಂಕದಿಂದ ಭಾಗಿಸಿದಾಗ ಬರುವ ಶೇಷವೇ ಅವನ ಮೌಲ್ಯ. ಶೇಷ ಸಾಮಾನ್ಯವಾಗಿ ಸೊನ್ನೆ. ಸೊನ್ನೆ ಬರದಿದ್ದರೆ ಮತ್ತೊಮ್ಮೆ ಭಾಗಿಸುವುದು.

ಈ ಪ್ರಮೇಯಕ್ಕೆ ಪುರಾವೆ ಇದೆ ಎಂಬುದನ್ನು ಅಲ್ಲಗಳೆಯಲಾರೆ. ಡೆನ್ವರ್ ತಂಡದ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿದ. ಮರುವರ್ಷ ಅವನ ಮೊಣಕಾಲು ಹೋಯಿತು. ಒಲಾಂಡಿಸ್ ಗ್ಯಾರಿ ಎಂಬವನು ಬಂದು 1,159 ಓಡಿದ. ಅದರ ಮರುವರ್ಷ ಮೈಕ್ ಆಂಡರ್ಸನ್ ಎಂಬವನು 1,487. ಇನ್ನೂ ಗಟ್ಟಿ ಪುರಾವೆ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ್ದು. 2018ರಲ್ಲಿ ಟಾಡ್ ಗರ್ಲಿಗೆ ನಾಲ್ಕೂವರೆ ಕೋಟಿ ಡಾಲರಿನ ಖಾತರಿ ಕೊಟ್ಟರು. ಡಿಸೆಂಬರಿನಲ್ಲಿ ಅವನ ಮೊಣಕಾಲು ಊದಿಕೊಂಡಿತು. ಕೆಲವೇ ದಿನಗಳಲ್ಲಿ ಎರಡು ತಂಡಗಳು ಬೇಡವೆಂದು ಕಳಿಸಿದ್ದ, ಮೈ ತುಂಬಿಕೊಂಡಿದ್ದ ಸಿ.ಜೆ. ಆಂಡರ್ಸನ್‌ನನ್ನು ಮನೆಯಿಂದ ಕರೆಸಿಕೊಂಡರು. ಬಂದ ವಾರವೇ 167 ಗಜ, ಮುಂದಿನ ವಾರ 132. ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು. ಶಾಸ್ತ್ರಜ್ಞರು ಕುಣಿದಾಡಿದರು. ಗರ್ಲಿಯನ್ನು 2020ರ ಮಾರ್ಚಿನಲ್ಲಿ ಕೈಬಿಡುವಾಗ ಅವನಿಗೆ ಇಪ್ಪತ್ತೈದು. ಪ್ರಮೇಯವನ್ನು ಸಾಧಿಸಿಕೊಟ್ಟ ಆಂಡರ್ಸನ್‌ಗೆ ಏನಾಯಿತು? ಮುಂದಿನ ಸೀಸನ್ನಿಗೆ ಡೆಟ್ರಾಯಿಟ್ ಸೇರಿದ, ಎರಡು ಪಂದ್ಯವಾದಮೇಲೆ ಅವರೂ ಹೊರಗೆ ಕಳಿಸಿದರು. ಪುರಾವೆಗೂ ಬದಲಿ ಸಿಗುತ್ತದೆ.

ಈಗ ವರ್ಗೀಕರಣ. ರನ್ನಿಂಗ್ ಬ್ಯಾಕ್‌ಗಳು ಏಳು ಬಗೆ. (ಅ) ಏಕಧುರಂಧರ: ಇಡೀ ಹೊರೆ ತಾನೊಬ್ಬನೇ ಹೊರುವವನು. 2020ರಲ್ಲಿ 378 ಸಲ ಚೆಂಡು ಹಿಡಿದು ಓಡಿದ ಡೆರಿಕ್ ಹೆನ್ರಿ ಇದಕ್ಕೆ ನಿದರ್ಶನ. ಹೊರೆ ಹೊತ್ತದ್ದೇ ಮುಂದೆ ಅವನ ಮೇಲಿನ ಆಪಾದನೆಯಾಗುತ್ತದೆ. (ಆ) ಪಾಳಿದಾರ: ಇಬ್ಬರು ಮೂವರೊಂದಿಗೆ ಸರದಿ ಹಂಚಿಕೊಂಡವನು. ಹೊರೆ ಹೊರದಿದ್ದುದೇ ಇವನ ಮೇಲಿನ ಆಪಾದನೆ. (ಇ) ಮುನಿಸಿಗ: ಟ್ಯಾಗ್ ಒಪ್ಪದೆ ಮನೆಯಲ್ಲಿ ಕೂತವನು. ಪಿಟ್ಸ್‌ಬರ್ಗ್ ತಂಡದ ಲೇವಿಯಾನ್ ಬೆಲ್ 2018ರಲ್ಲಿ ಇಡೀ ವರ್ಷ ಆಡಲಿಲ್ಲ, 1 ಕೋಟಿ 45 ಲಕ್ಷ ಡಾಲರ್ ಬಿಟ್ಟ. ಟ್ಯಾಗಿಗೆ ಸಹಿ ಹಾಕುವ ಗಡುವು ಮೀರಿದ ಮರುದಿನ ಜೊತೆಯ ಆಟಗಾರರೇ ಅವನ ಲಾಕರಿನಿಂದ ಬೂಟುಗಳನ್ನು ಎತ್ತಿಕೊಂಡು, ಇದು ನನಗೆ, ಅದು ನಿನಗೆ ಎಂದು ಕ್ಯಾಮೆರಾ ಮುಂದೆ ನಕ್ಕರು. ಉಳಿದ ನಾಲ್ಕು ಬಗೆ ಬರೆಯಲು ಬೇಸರ. ಎಲ್ಲ ಬಗೆಗೂ ಫಲಶ್ರುತಿ ಒಂದೇ.

ಇಲ್ಲಿ ಪೂರ್ವಪಕ್ಷ ಎದ್ದೇಳುತ್ತದೆ. ಕೋಟಿ ಡಾಲರ್ ಎಣಿಸುವವರಿಗಾಗಿ ಗೋಳಾಡಬೇಕೆ? ಬೇಡ. ದರಪಟ್ಟಿ ಮಾತ್ರ ನೋಡಿ. 2023ರ ಟ್ಯಾಗ್ ದರದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ 3 ಕೋಟಿ 24 ಲಕ್ಷ ಡಾಲರ್, ಓಡಿ ಚೆಂಡು ಹಿಡಿಯುವ ರಿಸೀವರ್‌ಗೆ 1 ಕೋಟಿ 97 ಲಕ್ಷ, ರನ್ನಿಂಗ್ ಬ್ಯಾಕ್‌ಗೆ 1 ಕೋಟಿ ಚಿಲ್ಲರೆ. ಅವನಿಗಿಂತ ಕೆಳಗಿದ್ದವರು ಬದಿಯಲ್ಲಿ ನಿಂತು ಕರೆದಾಗ ಬಂದು ಚೆಂಡು ಒದೆಯುವವರು ಮಾತ್ರ. ಮೈದಾನದಲ್ಲಿ ಹೆಚ್ಚು ಏಟು ತಿನ್ನುವವರಲ್ಲಿ ಒಬ್ಬನು, ಎಲ್ಲರಿಗಿಂತ ಕಡಿಮೆ ಏಟು ತಿನ್ನುವವನ ಪಕ್ಕದ ಮೆಟ್ಟಿಲಲ್ಲಿ ಕೂತಿದ್ದಾನೆ. ಉಳಿದ ದುಡ್ಡು ಆವಿಯಾಗುವುದಿಲ್ಲ, ಬೇರೆಯವರ ಜೇಬಿಗೆ ಹೋಗುತ್ತದೆ. ಜನರನ್ನು 'ರಿಸೋರ್ಸ್' ಎಂದು ಕರೆಯುವ ಮೀಟಿಂಗುಗಳಲ್ಲಿ ಕೂತೂ ಕೂತೂ ಸೊಂಟ ಹಿಡಿಸಿಕೊಂಡವನಿಗೆ ಈ ಲೆಕ್ಕದ ವಾಸನೆ ದೂರದಿಂದಲೇ ಬಡಿಯುತ್ತದೆ. ಟಿವಿಯಲ್ಲಿ ಟೈ ಕಟ್ಟಿಕೊಂಡು ಕೂತ ಪಂಡಿತ, ಇಪ್ಪತ್ತಾರರ ಹುಡುಗನ ಬಗ್ಗೆ 'ಟೈರು ಸವೆದಿದೆ' ಎನ್ನುತ್ತಾನೆ. ಸವೆಸಿದವರು ಯಾರಯ್ಯಾ?

ಕ್ಷಮಿಸಿ. ಶಾಸ್ತ್ರಕ್ಕೆ ಮರಳೋಣ.

ಅಪವಾದ ವಿಚಾರ. ನ್ಯೂಯಾರ್ಕ್ ಜಯಂಟ್ಸ್ ತಂಡದ ಸೇಕ್ವಾನ್ ಬಾರ್ಕ್ಲಿ 2022ರಲ್ಲಿ 1,312 ಗಜ ಓಡಿದ್ದಕ್ಕೆ ಪ್ರತಿಯಾಗಿ ಟ್ಯಾಗ್ ಅಂಟಿಸಿದರು. 2024ರಲ್ಲಿ, ಲೆಕ್ಕ ನೋಡಿ, ಹೋಗಲು ಬಿಟ್ಟರು. ಮಾಲೀಕರಿಗೆ ಲೆಕ್ಕ ಒಪ್ಪಿದರೂ ನಿದ್ದೆ ಒಪ್ಪಲಿಲ್ಲ. ಈತ ಫಿಲಡೆಲ್ಫಿಯಾಗೆ ಹೋದರೆ ತನಗೆ ಕಣ್ಣು ಮುಚ್ಚಲಾಗದು ಎಂದು ಕ್ಯಾಮೆರಾ ಮುಂದೆಯೇ ಅಂದರು. ಅವನು ಹೋದದ್ದು ಫಿಲಡೆಲ್ಫಿಯಾಗೇ. ಶಾಸ್ತ್ರ ನಿಷೇಧಿಸಿದ ಇಪ್ಪತ್ತೇಳನೆಯ ವಯಸ್ಸಿನಲ್ಲಿ 2,005 ಗಜ ಓಡಿದ. 2025ರ ಫೆಬ್ರುವರಿ 9ರಂದು, ಇಪ್ಪತ್ತೆಂಟು ತುಂಬಿದ ದಿನವೇ, ಸೂಪರ್ ಬೌಲ್ ಗೆದ್ದ. ಪಂಡಿತರು ವಿಚಲಿತರಾಗಲಿಲ್ಲ. ಅದು ಅವನ ಮುಂದೆ ದಾರಿ ಮಾಡಿಕೊಟ್ಟ ಐವರ ಸಾಧನೆ ಎಂದರು. ಗೆದ್ದರೆ ಐವರದು, ಸೋತರೆ ಅವನ ಮೊಣಕಾಲಿನದು. ಇಂಥ ಸಿದ್ಧಾಂತವನ್ನು ಯಾವ ಪುರಾವೆಯೂ ಸೋಲಿಸಲಾರದು.

ಉಪಸಂಹಾರಕ್ಕೆಂದು ಇನ್ನೊಂದು ಸೂತ್ರ ಹೊಸೆದಿದ್ದೆ. ಬರೆಯಲು ಮನಸ್ಸು ಬರುತ್ತಿಲ್ಲ. 2023ರ ಜುಲೈನಲ್ಲಿ ಈ ಓಟಗಾರರಲ್ಲಿ ಕೆಲವರು ಜೂಮ್ ಕರೆಯಲ್ಲಿ ಸೇರಿ ತಮ್ಮ ಪಾಡು ಹೇಳಿಕೊಂಡರು. ಆಮೇಲೆ ಕ್ಲೀವ್‌ಲೆಂಡ್ ಬ್ರೌನ್ಸ್ ತಂಡದ ನಿಕ್ ಚಬ್ ಸುದ್ದಿಗಾರರಿಗೆ ಹೇಳಿದ ಮಾತಿನ ಸಾರ ಇಷ್ಟು: ಚೆನ್ನಾಗಿ ದುಡಿದಷ್ಟೂ ಅದೇ ನಮಗೆ ಮುಳುವಾಗುತ್ತದೆ, ಎರಡು ಸಾವಿರ ಗಜ ಓಡಿದರೆ ಮರುವರ್ಷ ಸವೆದುಹೋದ ಎನ್ನುತ್ತಾರೆ. ನಾಲ್ಕು ವರ್ಷ ಸತತವಾಗಿ ಸಾವಿರ ಗಜ ದಾಟಿದವನು, ಮಾತು ಕಡಿಮೆ. ಸೆಪ್ಟೆಂಬರ್ 18ರ ಸೋಮವಾರ ರಾತ್ರಿ, ಪಿಟ್ಸ್‌ಬರ್ಗ್‌ನಲ್ಲಿ, ಗೋಲ್ ಗೆರೆಯ ಹತ್ತಿರ ಒಬ್ಬ ಎದುರಾಳಿ ತಗ್ಗಿ ಬಂದು ಅವನ ಎಡ ಮೊಣಕಾಲಿಗೆ ಬಡಿದ. ಕಾಲು ಬಾಗಬಾರದ ಕಡೆ ಬಾಗಿತು. ದಿನವಿಡೀ ಇಂಥವನ್ನೇ ನಿಧಾನಗತಿಯಲ್ಲಿ ತಿರುಗಿಸಿ ಮುರುಗಿಸಿ ತೋರಿಸುವ ಟಿವಿಯವರು ಅದನ್ನು ಎರಡನೆಯ ಸಲ ತೋರಿಸಲು ಒಪ್ಪಲಿಲ್ಲ. ಅದೇ ರಾತ್ರಿ ಬದಲಿಗೆ ಇಳಿದ ಜೆರೋಮ್ ಫೋರ್ಡ್ ನೂರು ಗಜ ದಾಟಿದ. ಬುಧವಾರ ತಂಡ ಕರೀಮ್ ಹಂಟ್‌ನನ್ನು ಕರೆತಂದು ಸಹಿ ಹಾಕಿಸಿಕೊಂಡಿತು.

ಚಬ್ ಎರಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರುವರ್ಷ ಅಕ್ಟೋಬರಿನಲ್ಲಿ ಮೈದಾನಕ್ಕೆ ಬಂದ. ಡಿಸೆಂಬರಿನಲ್ಲಿ ಪಾದ ಮುರಿಯಿತು. 2025ರ ಏಪ್ರಿಲ್ ಡ್ರಾಫ್ಟಿನಲ್ಲಿ ಬ್ರೌನ್ಸ್ ಇಬ್ಬರು ರನ್ನಿಂಗ್ ಬ್ಯಾಕ್ ಹುಡುಗರನ್ನು ಆರಿಸಿಕೊಂಡಿತು. ಜೂನ್‌ನಲ್ಲಿ ಚಬ್ ಒಂದು ವರ್ಷದ ಕರಾರಿಗೆ ಹ್ಯೂಸ್ಟನ್‌ಗೆ ಹೋದ. ಹುಡುಗರ ಕರಾರು, ನಿಯಮದಂತೆ, ನಾಲ್ಕು ವರ್ಷದ್ದು.