ಜಗಳ ಮುಗಿಯುವ ತನಕ ಬಿಸಿಲಿಗೊಂದು ತಡೆಯಾಜ್ಞೆ ಕೊಡಿಸಿ

ಗೆ,
ಹವಾಮಾನ ಬದಲಾಗಿದೆ ಎನ್ನುವವರು, ಬದಲಾಗಿಲ್ಲ ಎನ್ನುವವರು, ಬದಲಾಗಿದ್ದರೂ ಅದಕ್ಕೆ ನಾವು ಕಾರಣರಲ್ಲ ಎನ್ನುವವರು ಹಾಗೂ ಮುಂದಿನ ಸಭೆಯಲ್ಲಿ ನೋಡೋಣ ಎನ್ನುವವರು,
ಮುಕ್ಕಾಂ: ನ್ಯೂಯಾರ್ಕ್, ಬೆಲೆಂ, ಮುಂಬೈ, ದೆಹಲಿ, ಬೆಂಗಳೂರು.

ಇಂದ,
ಒಬ್ಬ ತೊಗರಿ ಬೆಳೆಗಾರ, ಯಡ್ರಾಮಿ ತಾಲ್ಲೂಕು, ಕಲಬುರಗಿ ಜಿಲ್ಲೆ.

ವಿಷಯ: ಹವಾಮಾನ ಬದಲಾವಣೆ ನಿಜವೋ ಸುಳ್ಳೋ ಎಂಬುದು ಇತ್ಯರ್ಥವಾಗುವವರೆಗೆ ಸದರಿ ಹವಾಮಾನಕ್ಕೆ ತಡೆಯಾಜ್ಞೆ ಕೊಡಿಸುವ ಕುರಿತು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯದಲ್ಲಿ ತಮಗೆ ಅವಸರ ಮಾಡುವ ಉದ್ದೇಶ ನಮಗಿಲ್ಲ. ಬದುವಿನ ವ್ಯಾಜ್ಯವನ್ನು ಅಜ್ಜನಿಂದ ಮೊಮ್ಮಗನ ತನಕ ನಡೆಸಿಕೊಂಡು ಬಂದ ಮಂದಿ ನಾವು. ಆದರೆ ವ್ಯಾಜ್ಯ ತೀರುವ ತನಕ ಆ ಹೊಲದಲ್ಲಿ ಯಾರೂ ಕಾಲಿಡಬಾರದೆಂದು ಕೋರ್ಟು ತಡೆ ಕೊಡುತ್ತದೆ. ತಮ್ಮ ವ್ಯಾಜ್ಯದಲ್ಲಿ ಮಾತ್ರ ಮಳೆ, ಬಿಸಿಲು, ಹೊಳೆ ಮೂರೂ ನಮ್ಮ ಹೊಲದಲ್ಲಿ ಓಡಾಡಿಕೊಂಡಿವೆ.

2025ರ ಸೆಪ್ಟೆಂಬರ್ 23ರಂದು ಅಮೆರಿಕದ ಅಧ್ಯಕ್ಷರು ವಿಶ್ವಸಂಸ್ಥೆಯಲ್ಲಿ ನಿಂತು, ಹವಾಮಾನ ಬದಲಾವಣೆಯೆಂಬುದು ಜಗತ್ತಿಗೆ ಮಾಡಿದ ಅತಿ ದೊಡ್ಡ ಮೋಸ ಎಂದರು. ಭೀಮಾ ಹೊಳೆಗೆ ಇಂಗ್ಲಿಷ್ ಬರುವುದಿಲ್ಲ. ಅದೇ ದಿನಗಳಲ್ಲಿ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ಮೂರು ಲಕ್ಷ ಕ್ಯುಸೆಕ್‌ಗೂ ಮೇಲೆ ನೀರು ನುಗ್ಗಿತು. ಕಟ್ಟಿಸಂಗಾವಿ ಸೇತುವೆಯಲ್ಲಿ ಸಂಚಾರ ನಿಂತು, ಜೇವರ್ಗಿ ಕಡೆಯ ನಮಗೆ ಕಲಬುರಗಿ ದೂರದ ಊರಾಯಿತು.

ಅಧ್ಯಕ್ಷರಿಗೆ ನಮ್ಮೂರಲ್ಲೂ ಬೆಂಬಲಿಗರಿದ್ದಾರೆ. ಕಟ್ಟೆಯ ಮೇಲಿನ ಹಿರಿಯರೊಬ್ಬರು, "ಎಪ್ಪತ್ತೆರಡರ ಬರ ಕಂಡವ ನಾ. ಅವರ ದೇಶದ ಕೆಂಪು ಜ್ವಾಳ ತಿಂದು ಜೀವ ಉಳಿಸಿಕೊಂಡೀವಿ. ಆಗ ಯಾವ ಕಾರ್ಬನ್ ಇತ್ತಪಾ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬರವೂ ಹೊಸತಲ್ಲ, ನೆರೆಯೂ ಹೊಸತಲ್ಲ. ಆದರೆ 2020ರಲ್ಲಿ ನೆರೆ, 2023ರಲ್ಲಿ ಬರ, 2025ರಲ್ಲಿ ಮತ್ತೆ ನೆರೆ ಎಂದು ಇವು ಪಾಳಿ ಹಚ್ಚಿಕೊಂಡು ಬರುತ್ತಿರುವುದಕ್ಕೆ ಹಿರಿಯರ ಬಳಿಯೂ ಉತ್ತರವಿಲ್ಲ. ತೊಗರಿಯ ಬಳಿಯಂತೂ ಇಲ್ಲವೇ ಇಲ್ಲ. ಬೇರನ್ನು ಆಳಕ್ಕೆ ಇಳಿಸಿ ಮಳೆಯಿಲ್ಲದ ವಾರಗಳನ್ನು ತಾಳಿಕೊಳ್ಳಲು ಕಲಿತ ಬೆಳೆ ಅದು. ಎರೆಮಣ್ಣಿನಲ್ಲಿ ನೀರು ನಿಂತರೆ ಅದರ ಬೇರಿಗೆ ಉಸಿರು ಕಟ್ಟುತ್ತದೆ. ಆಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕುಳಿತ ನೆಟೆ ರೋಗದ ಸರದಿ.

ಇನ್ನು ನೀರಿನ ಲೆಕ್ಕ. 2025ರ ಮಾರ್ಚ್ ಕೊನೆಗೆ ನಮ್ಮ ಮುಖ್ಯಮಂತ್ರಿಗಳು ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಕುಡಿಯುವ ನೀರಿಗಾಗಿ ಉಜನಿ ಜಲಾಶಯದಿಂದ ಭೀಮಾಕ್ಕೆ ಒಂದು ಟಿಎಂಸಿ ಬಿಡಿರೆಂದು ಕೇಳಿದರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಆರು ತಿಂಗಳಿಗೆ ಸೊನ್ನದಲ್ಲಿ ಹರಿದ ಮೂರು ಲಕ್ಷ ಕ್ಯುಸೆಕ್‌ನಿಂದ ಭಾಗಿಸಿ ನೋಡಿ: 56 ನಿಮಿಷ. ಬೇಸಿಗೆಯಲ್ಲಿ ಎರಡು ರಾಜ್ಯಗಳು ಪತ್ರ ವ್ಯವಹಾರ ನಡೆಸಿದ ನೀರು ಸೆಪ್ಟೆಂಬರಿನಲ್ಲಿ ಒಂದು ತಾಸಿನೊಳಗೆ ಕೇಳದೆಯೇ ಬಂದು, ತೊಗರಿಯನ್ನೆಲ್ಲ ತೊಳೆದು ಹೋಯಿತು. ಇದರಲ್ಲಿ ಆಕಾಶದ ಪಾಲೆಷ್ಟು, ಗೇಟಿನ ಪಾಲೆಷ್ಟು ಎಂದು ಕೇಳಬೇಡಿ. ಗೇಟಿನವರು ಆಕಾಶ ತೋರಿಸುತ್ತಾರೆ. ಆಕಾಶ ಯಾವ ನೋಟಿಸಿಗೂ ಉತ್ತರ ಕೊಡುವುದಿಲ್ಲ.

ಹಾಗೆಂದು ಸರಕಾರ ಏನೂ ಮಾಡಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. 2017ರಲ್ಲಿ ಒಂದೇ ಸರಕಾರ ಜೂನ್‌ನಲ್ಲಿ ಭಾಗಮಂಡಲದಲ್ಲಿ ಪರ್ಜನ್ಯ ಹೋಮ ಮಾಡಿಸಿತು, ಆಗಸ್ಟ್‌ನಲ್ಲಿ 'ವರ್ಷಧಾರೆ' ಎಂದು ವಿಮಾನ ಹಾರಿಸಿತು. ಕೆಳಗಿನಿಂದ ತುಪ್ಪದ ಹೊಗೆ, ಮೇಲಿನಿಂದ ಸಿಲ್ವರ್ ಅಯೋಡೈಡ್. ಮೋಡ ಎತ್ತ ಹೋದರೂ ಸಿಕ್ಕಿಬೀಳಬೇಕು. ಪಕ್ಕದ ಸುರಪುರದಲ್ಲಿ ರೇಡಾರ್ ಕೂಡ ಕೂರಿಸಿದ್ದರು. 2019ರ ಹೊತ್ತಿಗೆ ಬೇರೆ ಸರಕಾರ ಬಂದಿದ್ದರೂ ನಂಬಿಕೆ ಬದಲಾಗಿರಲಿಲ್ಲ. ದೇವಸ್ಥಾನಗಳಲ್ಲಿ ಹೋಮ ಮಾಡಿಸಿ, ಖರ್ಚು 10,001 ರೂಪಾಯಿ ಮೀರದಿರಲಿ ಎಂದು ಮುಜರಾಯಿ ಇಲಾಖೆ ಸುತ್ತೋಲೆ ಹೊರಡಿಸಿತು. ಹವಾಮಾನದ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಬಜೆಟ್ಟನ್ನು ನಾವು ಬೇರೆಲ್ಲೂ ಕಂಡಿಲ್ಲ.

ಮಾನ್ಯರೇ, ನಮಗೀಗ ಒಂದು ಗುಮಾನಿ. ತಾವು ಯಾರೂ ಈ ಬಿಸಿಯನ್ನು ನಂಬದವರಲ್ಲ. ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆ ಆದೇಶಕ್ಕೆ ಯಾವ ವಿಜ್ಞಾನಿಯೂ ಸಾಕ್ಷಿ ಹೇಳಬೇಕಿಲ್ಲ, ಯಾವ ಪಕ್ಷವೂ ಆಕ್ಷೇಪ ಎತ್ತುವುದಿಲ್ಲ. ಉದ್ಯೋಗ ಖಾತ್ರಿಯವರಿಗೂ ಆ ತಿಂಗಳುಗಳಲ್ಲಿ ಕೆಲಸದ ಪ್ರಮಾಣದಲ್ಲಿ ಶೇ 30 ರಿಯಾಯಿತಿ ಕೊಟ್ಟಿದ್ದುಂಟು. ಸರಕಾರದ ಹಾಜರಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಬಿಸಿಲು ನಿಜ. ಇಟ್ಟಿಗೆ ಭಟ್ಟಿಯವರಿಗೆ, ಡಾಂಬರು ಹಾಕುವವರಿಗೆ, ಸಂತೆಯಲ್ಲಿ ಚೀಲ ಹೊರುವವರಿಗೆ ಅದಿನ್ನೂ ಸಂಶೋಧನೆಯ ವಿಷಯ.

ಬೆಲೆಂನಲ್ಲೂ ಇದೇ ಆಯಿತು. 1995ರಲ್ಲಿ ಬರ್ಲಿನ್‌ನಿಂದ ಶುರುವಾದ ತಮ್ಮ ಹವಾಮಾನ ಸಮ್ಮೇಳನದ ಮೂವತ್ತನೆಯ ಆವೃತ್ತಿ 2025ರ ನವೆಂಬರ್‌ನಲ್ಲಿ ಅಲ್ಲಿ ನಡೆಯುವಾಗ ಪೆಂಡಾಲಿಗೆ ಬೆಂಕಿ ಬಿತ್ತು. ಇದು ನಿಜವಾದ ಬೆಂಕಿಯೋ, ಇದಕ್ಕೆ ಮನುಷ್ಯ ಕಾರಣನೋ ಎಂದು ಉಪಸಮಿತಿ ರಚಿಸದೆ ಎಲ್ಲರೂ ಹೊರಗೆ ಓಡಿದರು. ಶಹಾಣ್ಯಾರು. ಬೆಂಕಿ ಆರಿದ ಮೇಲೆ ಒಳಗೆ ಬಂದು ಕೂತು, ಕಲ್ಲಿದ್ದಲು, ತೈಲ ಬಿಡುವ ದಾರಿಯ ಮಾತೇ ಇಲ್ಲದ ಒಪ್ಪಂದವೊಂದನ್ನು ಮುಗಿಸಿದರು. ತಮಗೆ ಮೂವತ್ತು ಸಮ್ಮೇಳನ ಸಾಲಲಿಲ್ಲ. ಹೊಲಕ್ಕೆ ನೀರು ನುಗ್ಗಿದರೆ ಬೆಳೆ ವಿಮೆಗಾಗಿ ನಾವು ತಿಳಿಸಬೇಕಾದ ಗಡುವು ಮಾತ್ರ 72 ತಾಸು. ಸೇತುವೆ ಮುಳುಗಿರಲಿ, ಕರೆಂಟ್ ಹೋಗಿರಲಿ, ಮೊಬೈಲ್ ಸತ್ತಿರಲಿ.

ಜಗಳ ಹವಾಮಾನದ್ದಲ್ಲ, ರೊಕ್ಕದ್ದು ಎಂದು ನಮಗೆ ತಿಳಿದದ್ದು 2024ರಲ್ಲಿ. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಬಿದ್ದಿತ್ತು. ರಾಜ್ಯ 18,171 ಕೋಟಿ ರೂಪಾಯಿ ಕೇಳಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಕೇಂದ್ರ ಬಿಟ್ಟದ್ದು 3,454 ಕೋಟಿ. ಒಣಬೇಸಾಯಕ್ಕೆ ಆಗಿನ ಪರಿಹಾರದ ದರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡೇ ಹೆಕ್ಟೇರಿಗೆ. ಎಕರೆಗೆ ಇಳಿಸಿದರೆ 3,440ರ ಆಸುಪಾಸು. 2025ರ ನೆರೆಗೆ ರಾಜ್ಯ ತನ್ನ ಕಡೆಯಿಂದ ಇನ್ನೊಂದು 8,500 ಸೇರಿಸುವುದಾಗಿ ಹೇಳಿತು. ಕೊಟ್ಟವರನ್ನು ಬೈಯಬಾರದು. ಆದರೆ ಬೀಜ, ಗೊಬ್ಬರ, ಎಣ್ಣೆ ಹೊಡೆಯುವುದು, ಕಳೆ ತೆಗೆಸುವ ಆಳು ಇವಿಷ್ಟನ್ನು ಈ ದರದಲ್ಲಿ ಮಾಡಿ ತೋರಿಸುವವರಿದ್ದರೆ ನಮ್ಮ ಹೊಲ ಅವರಿಗೆ ಕೋರಿಗೆ ಕೊಡಲು ಸಿದ್ಧರಿದ್ದೇವೆ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ನಂಬಿ ಎಂದು ನಾವು ಬಲವಂತ ಮಾಡುವುದಿಲ್ಲ. ಎಂಟರಿಂದ ಒಂದೂವರೆಯ ಆದೇಶಕ್ಕೆ ಒಂದು ಸಾಲು ಹೆಚ್ಚಿಗೆ ಬರೆದು, ಕೂಲಿ ಕಡಿತವಾಗದಂತೆ ಭಟ್ಟಿಯವರನ್ನೂ ಡಾಂಬರಿನವರನ್ನೂ ಸೇರಿಸಿ. ಉಜನಿಯ ಗೇಟು ಎಷ್ಟು ಎತ್ತುತ್ತಾರೆಂಬುದು ಸೊಲ್ಲಾಪುರಕ್ಕೆ ತಿಳಿಯುವ ಹೊತ್ತಿಗೇ ಅಫಜಲಪುರದ ಹೊಳೆದಂಡೆಗೂ ತಿಳಿಯಲಿ. 72 ತಾಸಿನ ಗಡುವನ್ನು ನಮ್ಮಿಂದ ತೆಗೆದು, ಪರಿಹಾರ ಕೊಡುವವರಿಗೆ ಹಾಕಿ. ಇವಿಷ್ಟಕ್ಕೆ ಯಾರೂ ತಮ್ಮ ಅಭಿಪ್ರಾಯ ಬದಲಿಸಬೇಕಿಲ್ಲ. ವಾದ ಆರಾಮವಾಗಿ ಮುಂದುವರಿಯಲಿ.

ತಮ್ಮ ವಿಶ್ವಾಸಿ,
ತೊಗರಿ ಬೆಳೆಗಾರ

ವಿ.ಸೂ.: ಉತ್ತರವನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಕಳಿಸುವುದಾದರೆ ಮಧ್ಯಾಹ್ನ ಒಂದೂವರೆಯೊಳಗೆ ಮುಟ್ಟುವಂತೆ ಕಳಿಸಿ. ಆಮೇಲೆ ಕಚೇರಿಯಲ್ಲಿ ಯಾರೂ ಇರುವುದಿಲ್ಲ.