ಯುದ್ಧ ನಡೆಯದ ಊರಿನ ಮಾಸ್ತರಿಕೆ

ಇತಿಹಾಸವನ್ನು ಬೋಧಿಸುವ ಉಪಾಧ್ಯಾಯನಿಗೆ ತನ್ನ ಊರಿನ ಹೆಸರೇ ಪಠ್ಯಪುಸ್ತಕದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿರುವುದಕ್ಕಿಂತ ಮಿಗಿಲಾದ ಭಾಗ್ಯ ಬೇರೊಂದಿಲ್ಲವೆಂದು ಅನ್ಯರು ಭಾವಿಸಿಯಾರು. ಆದರೆ ತಾಳಿಕೋಟೆಯಲ್ಲಿ ಆರು ಮತ್ತು ಏಳನೆಯ ಇಯತ್ತೆಗಳಿಗೆ ಬಹುಕಾಲ ಸಮಾಜ ವಿಜ್ಞಾನವನ್ನು ಕಲಿಸಿದ ನಾನು ಮಾತ್ರ, ಪ್ರತಿವರ್ಷವೂ ವಿಜಯನಗರದ ಪಾಠ ಸಮೀಪಿಸುತ್ತಲೇ, ಸಾಲ ಕೊಟ್ಟವನನ್ನು ಸಂತೆಯಲ್ಲಿ ದೂರದಿಂದ ಕಂಡವನಂತೆ ಅಧೀರನಾಗುತ್ತಿದ್ದೆ.

ಅಕ್ಷಾಂಶ ರೇಖಾಂಶಗಳ ಪ್ರಸ್ತಾಪ ಬಂದೊಡನೆ ನಿದ್ರಾದೇವಿಗೆ ಶರಣಾಗುವ ಮಕ್ಕಳು ಆ ದಿನ ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದರು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ತಮ್ಮ ತಮ್ಮೊಳಗಿನ ವೈರವನ್ನು ಕ್ಷಣಕಾಲ ಬದಿಗಿಟ್ಟು ಒಂದುಗೂಡಿದುದನ್ನೂ, 1565ರ ಜನವರಿ 23ರಂದು ತಾಳಿಕೋಟೆ ಯುದ್ಧವೆಂದು ಹೆಸರಾದ ಕಾಳಗದಲ್ಲಿ ವಿಜಯನಗರದ ವೃದ್ಧ ಅಳಿಯ ರಾಮರಾಯನು ಮಡಿದುದನ್ನೂ ನಾನು ಕಂಠ ಕಂಪಿಸುವಂತೆ ವರ್ಣಿಸಿ ಮುಗಿಸುವಷ್ಟರಲ್ಲಿ, ಹಿಂದಿನ ಸಾಲಿನಿಂದ ಆ ಪ್ರಶ್ನೆ ಏಳುತ್ತಿತ್ತು.

"ನಮ್ಮೂರಾಗ ಎಲ್ಲಿ ನಡೀತ್ರಿ ಸರ್? ಡೋಣಿ ಹೊಳಿ ದಂಡೀಗೋ, ಖಾಸ್ಗತೇಶ್ವರ ಮಠದ ಕಡೀಗೋ?"

ಸತ್ಯವನ್ನು ಹೇಳದೆ ಗತಿಯಿರಲಿಲ್ಲ. ಯುದ್ಧ ನಡೆದದ್ದು ಇಲ್ಲಿಂದ ಅನೇಕ ಹರದಾರಿ ದಕ್ಷಿಣಕ್ಕೆ, ಕೃಷ್ಣೆಯ ಆಸುಪಾಸಿನಲ್ಲಿ. ಆದುದರಿಂದಲೇ ಅದಕ್ಕೆ ಅಲ್ಲಿನ ಹಳ್ಳಿಗಳ ಹೆಸರಿನಲ್ಲಿ ರಕ್ಕಸಗಿ-ತಂಗಡಗಿ ಯುದ್ಧವೆಂಬ ಹೆಸರೂ ಉಂಟು. ಇದನ್ನು ಕೇಳಿದ ತರಗತಿಯ ಮುಖ, ಬೀಗರ ಊರಿಗೆ ಗಾಡಿ ಕಟ್ಟಿಕೊಂಡು ಹೋದ ಮೇಲೆ ಮದುವೆ ಬೇರೆ ಊರಲ್ಲೆಂದು ತಿಳಿದವರ ಮುಖದಂತಾಗುತ್ತಿತ್ತು. "ಹಂಗಾದ್ರ ನಮ್ಮೂರಾಗ ಏನೂ ಆಗಿಲ್ಲೇನ್ರಿ?" ಎಂದು ಒಮ್ಮೆ ಒಬ್ಬ ಹುಡುಗಿ ಕೇಳಿದ ಧ್ವನಿಯಲ್ಲಿದ್ದ ದುಃಖ, ರಾಮರಾಯನ ಶಿರಚ್ಛೇದವನ್ನು ಕೇಳಿದಾಗ ಯಾರಲ್ಲಿಯೂ ಕಂಡಿರಲಿಲ್ಲ.

ಕರುಣೆಯೇ ನನ್ನ ಕೇಡಿಗೆ ಮೂಲವಾಯಿತು. ಮಕ್ಕಳನ್ನು ಸಂತೈಸಲೆಂದು, 1564ರ ಡಿಸೆಂಬರಿನಲ್ಲಿ ಸುಲ್ತಾನರ ದಂಡು ತಾಳಿಕೋಟೆಯಲ್ಲಿಯೇ ಬೀಡು ಬಿಟ್ಟಿತ್ತೆಂದೆ; ಅಷ್ಟಕ್ಕೆ ನಿಲ್ಲದೆ, ಅಹಮದನಗರದ ತೋಪುಗಳಿಗೆ ತಾಮ್ರದ ನಾಣ್ಯಗಳನ್ನೇ ತುಂಬಿ ಹಾರಿಸಿದರೆಂದು ಇತಿಹಾಸಕಾರ ಫಿರಿಶ್ತಾ ಬರೆದಿರುವುದನ್ನೂ ಸೇರಿಸಿದೆ. ಅದರ ಮರುದಿನ ರವಿವಾರ. ಸೋಮವಾರ ಬೆಳಗಾಗುವಷ್ಟರಲ್ಲಿ ಡೋಣಿಯ ದಡದ ರೈತರೊಬ್ಬರು ನನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. "ಮಾಸ್ತರ, ನೀವು ಹೇಳಿದ ದುಡ್ಡು ಯಾರಿಗೂ ಸಿಗಲಿಲ್ಲ. ನನ್ನ ಒಡ್ಡು ಮಾತ್ರ ಹೋತು" ಎಂದರು. ಯುದ್ಧ ನಡೆದ ಸ್ಥಳ ಬೇರೆಯೆಂದು ನಾನು ಹೇಳಿದ್ದುದು, ನಾಣ್ಯದ ಹೆಸರು ಕಿವಿಗೆ ಬಿದ್ದೊಡನೆ ಗುದ್ದಲಿ ಹಿಡಿದವರಿಗೆ ಮರೆತುಹೋಗಿತ್ತು.

ದಂಡಿನ ಬೀಡಿನ ಮಾತನ್ನು ಮಾತ್ರ ಮಕ್ಕಳು ಮರೆತಿರಲಿಲ್ಲ. ಡಿಸೆಂಬರು, ಜನವರಿಯೆಂದರೆ ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಹಾಲುಗಾಳಾಗುವ ಕಾಲ. ಕುಳ್ಳಿನ ಕೆಂಡದಲ್ಲಿ ತೆನೆಯನ್ನು ಹುದುಗಿಸಿ, ಸುಟ್ಟ ತೆನೆಯನ್ನು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟನ್ನು ಊದಿ, ಹಸಿರು ಮುತ್ತಿನಂಥ ಆ ಸೀತನಿ ಕಾಳನ್ನು ಬೆಲ್ಲದೊಡನೆಯೋ ಶೇಂಗಾ ಹಿಂಡಿಯೊಡನೆಯೋ ಬಾಯಿಗೆ ಹಾಕಿಕೊಂಡವನು ಸಾಮ್ರಾಜ್ಯಗಳ ಚಿಂತೆಯನ್ನು ಮಾಡುವವನಲ್ಲ. ಪರೀಕ್ಷೆಯಲ್ಲಿ ಸುಲ್ತಾನರ ಗೆಲುವಿಗೆ ಕಾರಣಗಳನ್ನು ಕೇಳಿದ್ದೆ. ಹುಡುಗನೊಬ್ಬ ಸುಲ್ತಾನರ ಒಗ್ಗಟ್ಟನ್ನೂ ಪ್ರಬಲ ತೋಪುಗಳನ್ನೂ ಕ್ರಮವಾಗಿ ಬರೆದು, ಮೂರನೆಯದಾಗಿ "ಅವರು ನಮ್ಮೂರ ಸೀತನಿ ತಿಂದಿದ್ದರು" ಎಂದು ಬರೆದಿದ್ದ. ಆಧಾರವಿಲ್ಲದ ಮಾತು, ಆದರೆ ಅಲ್ಲಗಳೆಯಲು ನನ್ನಲ್ಲಿಯೂ ಆಧಾರವಿರಲಿಲ್ಲ. ಅರ್ಧ ಅಂಕ ಕೊಟ್ಟೆ.

ಆ ವರ್ಷ ಶಾಲೆಯ ತನಿಖೆಗೆ ಬಂದ ಅಧಿಕಾರಿಗಳು ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಸಿದಾಗ, ದುರ್ದೈವವಶಾತ್ ಮೇಲೆ ಬಂದದ್ದು ಅದೇ ಪತ್ರಿಕೆ. ಅವರು ಕನ್ನಡಕವನ್ನು ಹಣೆಗೇರಿಸಿ ಓದಿದರು. ಕೆಂಪು ಶಾಯಿಯ ಅರ್ಧ ಅಂಕದ ಮೇಲೆ ಬೆರಳಿಟ್ಟು ನನ್ನತ್ತ ನೋಡಿದರು. ನಾನು ದಂಡಿನ ಬೀಡು, ತಿಂಗಳು, ಬೆಳೆ ಎಲ್ಲವನ್ನೂ ತಡವರಿಸುತ್ತ ನಿವೇದಿಸಿಕೊಂಡೆ. ಮುಖ್ಯೋಪಾಧ್ಯಾಯರು ನೆಲವನ್ನು ನೋಡುತ್ತಿದ್ದರು. ಅಧಿಕಾರಿಗಳು ಬಹಳ ಹೊತ್ತು ಕಿಟಕಿಯಾಚೆಯ ಹೊಲವನ್ನು ದಿಟ್ಟಿಸಿ, ಪತ್ರಿಕೆಯನ್ನು ಮಡಿಸಿ ಕಟ್ಟಿನೊಳಗಿಟ್ಟು, ದನಿ ತಗ್ಗಿಸಿ ಕೇಳಿದರು:

"ಈಗ ಸೀತನಿ ಶುರು ಆಗ್ಯಾವೇನ್ರಿ ಮಾಸ್ತರ?"