ಹೈಟ್ ಸಾಲ್ದು ಕಣಪ್ಪ

ನಂಜನಗೂಡಿನಲ್ಲಿ ಸಂಜೆ ಐದರ ಮೇಲೆ ಯಾವ ಮೈದಾನಕ್ಕೆ ಹೋದರೂ ಅವರು ಸಿಗುತ್ತಾರೆ. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಕಾಲರಿನೊಳಗೆ ಮಡಚಿಟ್ಟ ಕರ್ಚೀಫು, ಕಂಕುಳಲ್ಲಿ ಪತ್ರಿಕೆಯ ಕ್ರೀಡಾಪುಟ. ಪತ್ರಿಕೆ ಹೋಟೆಲಿನದು, ಆದ್ದರಿಂದ ಉಳಿದ ಪುಟಗಳನ್ನು ಧರ್ಮವಾಗಿ ಅಲ್ಲೇ ಬಿಟ್ಟು ಬಂದಿರುತ್ತಾರೆ. ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ನಿವೃತ್ತರಾದವರು. ಚೈನನ್ನು ಸರ್ಕಾರಕ್ಕೆ ಒಪ್ಪಿಸಿದರು, ಅಳೆಯುವ ಚಟವನ್ನು ಮಾತ್ರ ಮನೆಗೆ ತಂದರು. ಈಗ ಆಡುವ ಮಕ್ಕಳನ್ನು ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ತಮ್ಮ ತೀರ್ಪು ಕೊಡುತ್ತಾರೆ: "ಆಟವೇನೋ ಚೆನ್ನಾಗದೆ. ಆದ್ರೆ ಹೈಟ್ ಸಾಲ್ದು ಕಣಪ್ಪ."

ಹುಡುಗರು ಅವರಿಗೆ ಇಂಚ್‌ಟೇಪ್ ತಾತ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಕರೆಯುವಾಗ ಬರೀ ತಾತ.

ಅವರ ಕಣ್ಣಿಗೆ ಯಾವುದೂ ಪೂರ್ತಿ ಅಳತೆಗೆ ಬರುವುದಿಲ್ಲ. ಶ್ರೀಕಂಠೇಶ್ವರನ ಗೋಪುರ 120 ಅಡಿ ಎಂದು ಊರೆಲ್ಲ ಹೆಮ್ಮೆಯಿಂದ ಹೇಳಿದರೆ, ಇವರು ಕಣ್ಣು ಕಿರಿದು ಮಾಡಿ, "ಕಳಸ ಸೇರ್ಸಿಯೋ, ಬುಟ್ಟೋ?" ಎಂದು ಕೇಳುತ್ತಾರೆ. ದೊಡ್ಡ ಜಾತ್ರೆಯಲ್ಲಿ ಜನ ಗೌತಮ ರಥಕ್ಕೆ ಹಣ್ಣು ಜವನ ಎಸೆದು ಕೈ ಮುಗಿಯುವಾಗ, ಇವರು ಹಗ್ಗ ಎಷ್ಟು ಮಾರು ಎಂದು ಪಕ್ಕದವರೊಂದಿಗೆ ಚರ್ಚೆಗೆ ಇಳಿದಿರುತ್ತಾರೆ. ಇನ್ನು ಅವರದೇ ಎತ್ತರದ ವಿಚಾರ. ಬಸ್ಸಿನ ಮೇಲಿನ ಕಂಬಿ ಅವರಿಗೆ ಎಟುಕುವುದಿಲ್ಲ, ಸೀಟಿನ ಹಿಡಿ ಹಿಡಿದೇ ನಿಲ್ಲುತ್ತಾರೆ. ದೊಡ್ಡವರು ಎಂಬ ದಾಕ್ಷಿಣ್ಯಕ್ಕೆ ಊರು ಇದನ್ನು ಕಂಡೂ ಕಾಣದಂತಿದೆ.

ಹೆಂಡತಿಯ ತವರು ತಿರುಮಕೂಡಲು ನರಸೀಪುರದ ಕಡೆ. ಹೀಗಾಗಿ ಅವರ ಕಾರ್ಯವ್ಯಾಪ್ತಿ ಎರಡು ತಾಲ್ಲೂಕು. ವಾರದ ದಿನಗಳಲ್ಲಿ ಕಪಿಲೆಯ ದಡದ ಮಕ್ಕಳು ಕುಳ್ಳರು, ಭಾನುವಾರ ಸಂಗಮದ ಕಡೆಯ ಮಕ್ಕಳು ಕುಳ್ಳರು.

ಎಲ್ಲ ಆಟಕ್ಕೂ ಅವರಲ್ಲಿ ಒಂದೊಂದು ಇಂಚಿನ ಲೆಕ್ಕವಿದೆ. ಫಾಸ್ಟ್ ಬೌಲರ್‌ಗೆ ಆರಡಿ. ಕಬಡ್ಡಿಗೆ ಐದೂ ಹತ್ತು. ಹಾಕಿಗೆ ಐದೂ ಎಂಟು, ಜೊತೆಗೆ ಕೊಡಗಿನಲ್ಲಿ ಹುಟ್ಟಿರಬೇಕು. ಯಾರಾದರೂ ಎದುರು ಹೇಳಿದರೆ ಅದಕ್ಕೂ ಉತ್ತರ ಸಿದ್ಧ. ಒಂದು ಸಂಜೆ ಪಿ.ಟಿ. ಮೇಷ್ಟ್ರು ಕೆಣಕಿಯೇ ಬಿಟ್ಟರು.

"ಸಾರ್, ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಎಷ್ಟು ಎತ್ತರ ಇದ್ರು? 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟು. ಮೊದಲ ಇನ್ನಿಂಗ್ಸ್ ಸೊನ್ನೆ, ಎರಡನೇದು 137."

"ಆ ಕಾಲ ಬೇರೆ ಬುಡಿ ಮೇಷ್ಟ್ರೇ. ಆಗ ಬಾಲು ಅಷ್ಟು ಎಗರ್ತಿರಲಿಲ್ಲ."

"ತೆಂಡೂಲ್ಕರ್?"

"ಅದು ದೈವಾಂಶ. ಲೆಕ್ಕಕ್ಕೆ ತಗೋಬಾರದು."

"ಮೆಸ್ಸಿ? ಚಿಕ್ಕಂದಿನಲ್ಲಿ ಬೆಳವಣಿಗೆಯೇ ಇಲ್ಲ ಅಂತ ಇಂಜೆಕ್ಷನ್ ತಗೊಂಡ ಹುಡುಗ ಸಾರ್."

"ಇಂಜೆಕ್ಷನ್ ಕೊಡ್ಸಿದ್ರು ತಾನೆ? ಹಂಗಾದ್ರೆ ನನ್ ಮಾತು ನಿಜ ಆಯ್ತಲ್ಲ!"

"ಹಾಕಿಗೆ ಬರೋಣ. ಸೋಮವಾರಪೇಟೆಯ ಎಸ್.ವಿ. ಸುನಿಲ್. ತೆಳ್ಳನೆ ಮೈ. ಎರಡು ಒಲಿಂಪಿಕ್ಸ್ ಆಡಿದ್ರು, 2014ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 2017ರಲ್ಲಿ ಅರ್ಜುನ ಪ್ರಶಸ್ತಿ. ಅವರ ಓಟಕ್ಕೆ ಎದುರಾಳಿ ಡಿಫೆಂಡರುಗಳು ಹೆದರ್ತಿದ್ದರು."

"ಕೊಡಗು ಅಂತ ನಾನು ಮೊದ್ಲೇ ಹೇಳಿದ್ನಲ್ಲಪ್ಪ."

ಮೇಷ್ಟ್ರು ಸೀಟಿ ಊದಿಕೊಂಡು ಹೋದರು. ತಾತನನ್ನು ಸೋಲಿಸಲು ಆಗದು. ಗೆದ್ದ ಕುಳ್ಳರೆಲ್ಲ ಅವರಿಗೆ ಅಪವಾದ, ಸೋತ ಕುಳ್ಳರೆಲ್ಲ ಪುರಾವೆ.

ಇದೇ ಮನುಷ್ಯ ಭಾನುವಾರ ಬೆಳಿಗ್ಗೆ ಮಾಂಸದಂಗಡಿಯ ಮುಂದೆ ನಿಂತಾಗ ನೀವು ನೋಡಬೇಕು. ಬನ್ನೂರು ಕುರಿ ನರಸೀಪುರ ತಾಲ್ಲೂಕಿನದೇ. ಮೋಟು ಕಾಲು, ಗುಂಡು ಮೈ, ರುಚಿಗೆ ನಾಡೆಲ್ಲ ಹೆಸರು. "ಕಾಲು ಗಿಡ್ಡ ಇರ್ಬೇಕು ಕಣಯ್ಯ, ಉದ್ದ ಕಾಲಿಂದು ಅಸಲಿ ಬನ್ನೂರಲ್ಲ" ಎಂದು ಅಂಗಡಿಯವನಿಗೇ ಪಾಠ ಹೇಳುತ್ತಾರೆ. ಗಿಡ್ಡ ಕಾಲಿಗೆ ಹೆಚ್ಚು ದುಡ್ಡು ಕೊಟ್ಟು, ಚೀಲ ಹಿಡಿದು ಮೈದಾನದ ಪಕ್ಕದಲ್ಲೇ ಹಾಯುತ್ತ, ಅಲ್ಲಿ ಆಡುವ ಹುಡುಗನಿಗೆ "ಹೈಟ್ ಸಾಲ್ದು" ಎಂದು ಹೇಳಿ ಮನೆ ಸೇರುತ್ತಾರೆ.

ತಾವೂ ಒಂದು ಕಾಲಕ್ಕೆ ಜಿಲ್ಲಾ ತಂಡದ ಸೆಲೆಕ್ಷನ್‌ಗೆ ಹೊರಟವರೇ ಎಂದು ಅವರು ಹೇಳುವುದುಂಟು. ಯಾಕೆ ಆಗಲಿಲ್ಲ ಎಂಬುದಕ್ಕೆ ಕೇಳುವವರನ್ನು ನೋಡಿಕೊಂಡು ಕಾರಣ ಕೊಡುತ್ತಾರೆ. ಹೊಸಬರಿಗೆ ಮೊಣಕಾಲು ನೋವು, ಸ್ನೇಹಿತರಿಗೆ ರಾಜಕೀಯ, ಹೆಂಡತಿಯ ಮುಂದೆ ಮೈಸೂರಿಗೆ ಹೋಗುವ ಬೆಳಗಿನ ಬಸ್ಸು ತಪ್ಪಿದ್ದು. ಹೆಂಡತಿಯ ಮುಂದೆ ಹೇಳುವುದನ್ನೇ ನಾನು ನಂಬುತ್ತೇನೆ.

ಅವರ ಶಾಸ್ತ್ರಕ್ಕೆ ಮೊದಲ ಪೆಟ್ಟು ಬಿದ್ದದ್ದು ಮನೆಯೊಳಗಿನಿಂದಲೇ, ಅದೂ ಖೋ ಖೋ ಅಂಕಣದಲ್ಲಿ. ಬಾಮೈದುನನ ಮೊಮ್ಮಗಳು ಆರನೇ ಕ್ಲಾಸು, ಶಾಲೆಯ ಖೋ ಖೋ ತಂಡದಲ್ಲಿ ಸೇರಿದ್ದಳು. ಭಾನುವಾರ ಹೋದ ತಾತ ಅವಳನ್ನು ಗೋಡೆಗೆ ನಿಲ್ಲಿಸಿ, ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿ, "ನಿನಗ್ಯಾಕ ಕೂಸು ಆಟ-ಗೀಟ? ಹೈಟೇ ಇಲ್ಲ" ಅಂದರು. ಕೂಸು ಅಳಲಿಲ್ಲ. ಕೈ ಸರಿಸಿ, "ಎಲ್ಲಿ, ಹಿಡಿ ತಾತ ನೋಡವ!" ಅಂದಿತು.

ಎಂಟು ಮಕ್ಕಳು ಅಂಕಣದ ನಡುಗೆರೆಯ ಮೇಲೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತರು. ಒಂಬತ್ತನೆಯವರಾಗಿ ತಾತ ಪಂಚೆ ಎತ್ತಿ ಕಟ್ಟಿದರು. ಖೋ ಖೋದಲ್ಲಿ ಅಟ್ಟಿಸಿಕೊಂಡು ಹೋಗುವವರಿಗೆ ಕಟ್ಟುಪಾಡು ಜಾಸ್ತಿ: ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ, ಕೂತವರ ನಡುವೆ ಅಡ್ಡ ದಾಟುವಂತಿಲ್ಲ, ಆಚೆಗೆ ಹೋಗಬೇಕೆಂದರೆ ತುದಿಯ ಕಂಬ ಸುತ್ತಬೇಕು, ಇಲ್ಲವೇ ಕೂತವರ ಬೆನ್ನು ಮುಟ್ಟಿ ಖೋ ಕೊಡಬೇಕು. ಓಡುವವರಿಗೆ ಈ ಯಾವ ತೊಡಕೂ ಇಲ್ಲ. ಎಲ್ಲಿ ಸಂದು ಸಿಕ್ಕರೆ ಅಲ್ಲಿ ನುಸುಳಬಹುದು. ಕೂಸು ನುಸುಳಿತು. ತಾತ ಗಕ್ಕನೆ ಹಿಂದಕ್ಕೆ ತಿರುಗಿದರು. "ಫೌಲ್ ತಾತ!" ಮತ್ತೆ ಅಟ್ಟಿಸಿದರು, ಇಬ್ಬರ ನಡುವೆ ಕಾಲಿಟ್ಟು ಆಚೆ ಹಾರಿದರು. "ಗೆರೆ ದಾಟಿದ್ರಿ, ಫೌಲು!" ಸರ್ವಿಸ್ ಪೂರ್ತಿ ಊರವರ ಗಡಿ ಒತ್ತುವರಿ ಹಿಡಿದುಕೊಟ್ಟ ಮನುಷ್ಯ, ಒಂದು ನಿಮಿಷದೊಳಗೆ ಎರಡು ಸಲ ಒತ್ತುವರಿ ಮಾಡಿ ಸಿಕ್ಕಿಬಿದ್ದರು. ಮೂರನೇ ಸಲ ಕಂಬದ ಹತ್ತಿರ ಕೈ ಚಾಚಿದಾಗ ಕೂಸು ಸೊಂಟದಷ್ಟಕ್ಕೆ ಬಗ್ಗಿ, ಅವರ ತೋಳಿನ ಅಡಿಯಲ್ಲೇ ಹಾದುಹೋಯಿತು. ತಾತನ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಕಂಬ ಹಿಡಿದು ನಿಂತು ಏದುಸಿರಿನಲ್ಲೇ ಹೇಳಿದರು: "ನೆಲ ಸಮ ಇಲ್ಲ."

ಎರಡನೇ ಪೆಟ್ಟು ದೆಹಲಿಯಿಂದ ಬಂತು. 2025ರ ಜನವರಿ 13ರಿಂದ 19ರವರೆಗೆ ಅಲ್ಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲಿನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಅತ್ಯುತ್ತಮ ಆಟಗಾರ್ತಿ ಬಿ. ಚೈತ್ರಾ, ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಓಡುವವರು ನಿಗದಿತ ಹೊತ್ತು ಸಿಕ್ಕಿಬೀಳದೆ ಉಳಿದರೆ ಸಿಗುವ ಡ್ರೀಮ್ ರನ್ ಅಂಕಗಳನ್ನು ಅವಳ ಬ್ಯಾಚು ಗಳಿಸಿಕೊಟ್ಟಿತು. ಗಂಡಸರ ತಂಡವೂ ನೇಪಾಳವನ್ನೇ 54-36ರಿಂದ ಸೋಲಿಸಿ ಗೆದ್ದಿತು. ಅದರಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು.

ಮರುದಿನ ಕ್ರೀಡಾಪುಟದ ಜೊತೆ ಮುಖಪುಟವೂ ತಾತನ ಕಂಕುಳಲ್ಲಿತ್ತು. "ನಮ್ ನೆಂಟ್ರ ತಾಲ್ಲೂಕು!" ಎಂದು ಹೋಟೆಲಿನಲ್ಲಿ ಎಲ್ಲರಿಗೂ ತೋರಿಸಿದರು, ಒಬ್ಬರಿಗೆ ಕಾಫಿಯನ್ನೂ ಕೊಡಿಸಿದರು. ಇನ್ನಾದರೂ ಇವರು ಟೇಪು ಮಡಚಿಟ್ಟಾರು ಎಂದು ನಾವೆಲ್ಲ ಅಂದುಕೊಂಡೆವು. ಮಡಚಲಿಲ್ಲ, ತಿರುಗಿಸಿ ಹಿಡಿದರು ಅಷ್ಟೆ. ಅದೇ ಸಂಜೆ ಮೈದಾನದಲ್ಲಿ ಒಬ್ಬ ನೀಳ ಕಾಲಿನ ಹುಡುಗಿಯನ್ನು ನಿಲ್ಲಿಸಿ ಮೇಲೆ ಕೆಳಗೆ ನೋಡಿ, "ಆಟವೇನೋ ಚೆನ್ನಾಗದೆ. ಆದ್ರೆ ಖೋ ಖೋಗೆ ಹೈಟು ಜಾಸ್ತಿ ಆಯ್ತು ಕಣವ್ವ" ಅಂದರು. ಉದ್ದ ತೋಳಿನವರು ಡೈವ್ ಹೊಡೆದರೆ ಓಡುವವರು ತಪ್ಪಿಸಿಕೊಳ್ಳುವುದು ಕಷ್ಟ, ಈ ಆಟದಲ್ಲಿ ಇಬ್ಬರಿಗೂ ಕೆಲಸವಿದೆ ಎಂದು ಮೇಷ್ಟ್ರು ವಿವರಿಸಲು ಹೋದರು. ತಾತ ಆಗಲೇ ಮುಂದಿನ ಮಗುವಿನ ಹತ್ತಿರ ಹೋಗಿದ್ದರು.

ತಾತನಂಥವರು ಪ್ರತಿ ಊರಿನಲ್ಲೂ ಇದ್ದಾರೆ. ನಮ್ಮ ಮಕ್ಕಳು ದೊಡ್ಡ ಲೀಗು ಮುಟ್ಟಲು ಅಡ್ಡ ಇರುವುದು ಅವರ ಎತ್ತರವಾಗಿದ್ದರೆ ಈ ತಾತಂದಿರನ್ನು ಕ್ಷಮಿಸಬಹುದಿತ್ತು. ಅಲ್ಟಿಮೇಟ್ ಖೋ ಖೋ ಲೀಗು 2022ರಲ್ಲಿ ಪುಣೆಯಲ್ಲಿ ಶುರುವಾಯಿತು, ಎರಡನೇ ಸೀಸನ್ ಕಟಕ್‌ನಲ್ಲಿ ನಡೆಯಿತು. ಆರು ತಂಡ: ಚೆನ್ನೈ, ಗುಜರಾತ್, ಮುಂಬೈ, ಒಡಿಶಾ, ರಾಜಸ್ಥಾನ, ತೆಲುಗು. ಕರ್ನಾಟಕದ ಹೆಸರಿನದು ಒಂದೂ ಇಲ್ಲ, ಆಡಿದವರೆಲ್ಲ ಗಂಡಸರೇ. 2024ರ ಕೊನೆಗೆ ಹಾಕಿ ಇಂಡಿಯಾ ಲೀಗು ಮತ್ತೆ ಶುರುವಾದಾಗ ಗಂಡಸರ ಎಂಟು ತಂಡಗಳಿದ್ದವು. ಇಷ್ಟೊಂದು ಒಲಿಂಪಿಯನ್ನರನ್ನು ಕೊಟ್ಟ ಕೊಡಗು ಇರುವ ನಾಡಿನ ಹೆಸರು ಅಲ್ಲಿಯೂ ಇರಲಿಲ್ಲ. ವಿಶ್ವಕಪ್ ಗೆದ್ದು ಬಂದ ಚೈತ್ರಾ ಮತ್ತು ಗೌತಮ್‌ಗೆ ರಾಜ್ಯ ಸರ್ಕಾರ ಘೋಷಿಸಿದ್ದು ತಲಾ 5 ಲಕ್ಷ ರೂಪಾಯಿ. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿಯ ಜೊತೆ ಸರ್ಕಾರಿ ಕೆಲಸವನ್ನೂ ಘೋಷಿಸಿತ್ತು. ಇಬ್ಬರೂ ಆ 5 ಲಕ್ಷ ಬೇಡ ಎಂದರು. ಇಲ್ಲಿ ಸಾಲದೆ ಇದ್ದದ್ದು ಯಾರ ಹೈಟು ಎಂದು ತಾತ ಹೇಳಲಿ.

ಕುಳ್ಳಗಿರುವ, ಚುರುಕಾದ ಮಗು ಮೇಲಕ್ಕೆ ಹೋಗಬಲ್ಲದೇ? ಹೋಗಬಲ್ಲದು. ಅದಕ್ಕೆ ಬೇಕಾದದ್ದು ಬೆಳಗಿನ ಬಸ್ಸು, ಮಳೆ ಬಂದರೂ ಆಡಲು ಒಂದು ಮ್ಯಾಟು, ಬಿಡದೆ ಕಲಿಸುವ ಒಬ್ಬ ಮೇಷ್ಟ್ರು, ಆಟ ಮುಗಿದ ಮೇಲೆ ಒಂದು ಕೆಲಸ. ಇವುಗಳನ್ನು ಅಳೆಯಲು ಯಾವ ತಾತನೂ ಸಂಜೆ ಐದಕ್ಕೆ ಹೊರಡುವುದಿಲ್ಲ.

ಆದ್ದರಿಂದ ಎರಡೂ ತಾಲ್ಲೂಕಿನ ಇಂಚ್‌ಟೇಪ್ ತಾತಂದಿರಲ್ಲಿ ಒಂದು ವಿನಂತಿ. ಕೈ ಸುಮ್ಮನಿರದಿದ್ದರೆ ಮಕ್ಕಳ ನೆತ್ತಿ ಬಿಡಿ, ನೆಲ ಅಳೆಯಿರಿ. ಅದು ನಿಮಗೆ ಗೊತ್ತಿರುವ ಕಸುಬು. ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನಿಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂಕಾಲು ಗುಂಟೆ, ಸುತ್ತಲಿನ ಲಾಬಿ ಸೇರಿಸಿದರೆ ಐದೂವರೆಯ ಮೇಲೆ. ನಿಮ್ಮೂರಿನ ಶಾಲೆಯ ಹಿಂದೆ ಅಷ್ಟು ಜಾಗ ಉಳಿದಿದೆಯೇ, ಯಾರಾದರೂ ಒತ್ತಿಕೊಂಡಿದ್ದಾರೆಯೇ, ನೋಡಿ ಹೇಳಿ.